ಗೊಂಬೆಯೆದುರು ನಿಂತ ಪಾಂಡಾ

ಕ್ಯಾಂಟನ್ ಮೇಳಕ್ಕೆ ಸಕುಟುಂಬರಾಗಿ ತೆರಳುವ ನಮ್ಮ ಸದಸ್ಯರು ಮರಳುವಾಗ ಹಾಂಗ್‌ಕಾಂಗ್‌ನಲ್ಲಿ ಒಂದು ದಿನ ತಂಗಿದರೆ, ಮಕ್ಕಳ ಬೇಡಿಕೆ ಡಿಸ್ನಿಲ್ಯಾಂಡ್ ಆಗಿರುವುದು ಸಹಜ. ಆದರೆ ವರ್ತಕರು ನೋಡತಕ್ಕದ್ದು 1977ರಲ್ಲಿ ಆರಂಭವಾದ ಓಷನ್ ಪಾರ್ಕನ್ನು. ಗುಡ್ಡದ ಮೇಲಣ ಭಾಗವನ್ನೂ ಕೆಳಗಣ ಭಾಗವನ್ನೂ ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಕೇಬಲ್ ಕಾರು ಜೋಡಿಸುತ್ತದೆ. ಮಕ್ಕಳು ರೋಲರ್ ಕೋಸ್ಟರ್‌ಗೆ ಓಡಿದರೆ ಅಜ್ಜ ಅಜ್ಜಿಯರಿಗೆ ಪಾಂಡಾಗಳಿವೆ.

2005ರಲ್ಲಿ ಡಿಸ್ನಿ ಬಂದಾಗ ಈ ಹಳೆಯ ಉದ್ಯಾನದ ಕಥೆ ಮುಗಿಯಿತೆಂದೇ ಹಲವರು ಎಣಿಸಿದ್ದರು. ಎರಡು ವರ್ಷ ಮೊದಲು ಅದರ ಅಧ್ಯಕ್ಷರಾಗಿದ್ದ ಅಲನ್ ಝೆಮನ್ ಸಿದ್ಧ ಉಡುಪಿನ ವ್ಯಾಪಾರದಲ್ಲಿ ಬೆಳೆದವರು. ಅವರು ಡಿಸ್ನಿಯನ್ನು ಅನುಕರಿಸಲು ಹೋಗಲಿಲ್ಲ. ಅಲ್ಲಿರುವುದು ಗೊಂಬೆ, ಇಲ್ಲಿರುವುದು ಜೀವಂತ ಪ್ರಾಣಿ ಎಂಬ ಭೇದವನ್ನೇ ಮುಂದಿಟ್ಟರು. ಕೆಲವು ವರ್ಷ ಸಂದರ್ಶಕರ ಸಂಖ್ಯೆಯಲ್ಲಿ ಡಿಸ್ನಿಯನ್ನೂ ಮೀರಿಸಿದರು.

ಆದರೆ ಪ್ರಾಣಿಯೆಂಬ ಬಂಡವಾಳ ಗಿರಾಕಿ ಬಾರದ ದಿನವೂ ಉಣ್ಣುತ್ತದೆ! 2020ರಲ್ಲಿ ಕೋವಿಡ್‌ನಿಂದ ಬಾಗಿಲು ಮುಚ್ಚಿದಾಗ ಯಂತ್ರಗಳನ್ನು ನಿಲ್ಲಿಸಬಹುದಾಗಿತ್ತು, ಪಾಂಡಾಗಳ ಬಿದಿರನ್ನು ನಿಲ್ಲಿಸುವಂತಿರಲಿಲ್ಲ. ಮೊದಲೇ ನಷ್ಟದಲ್ಲಿದ್ದ ಸಂಸ್ಥೆಗೆ ಆ ವರ್ಷ ಸರ್ಕಾರವೇ 540 ಕೋಟಿ ಹಾಂಗ್‌ಕಾಂಗ್ ಡಾಲರ್ ನೆರವು ನೀಡಬೇಕಾಯಿತು. 2024ರ ಆಗಸ್ಟ್‌ನಲ್ಲಿ ಅಲ್ಲಿಯ ಯಿಂಗ್ ಯಿಂಗ್ ಎಂಬ ಪಾಂಡಾ ಅವಳಿ ಮರಿಗಳನ್ನು ಹಾಕಿತು.