ಐವತ್ತು ಹರ್ಟ್ಜ್‌ನ ಅಪಶ್ರುತಿ

ಮೈಸೂರಿನ ಸರಸ್ವತಿಪುರಂನ ಹಳೆಯ ಮನೆ. ಕಾಲಿಗೆ ತಣ್ಣಗೆ ಹತ್ತುವ ರೆಡ್ ಆಕ್ಸೈಡ್ ನೆಲ, ಮರದ ಪಟ್ಟಿಯೊಳಗೆ ಗೋಡೆಯುದ್ದ ಹರಿದ ವೈರಿಂಗು, ಟಕ್ ಎಂದು ಬೀಳುವ ಕಪ್ಪು ಸ್ವಿಚ್ಚುಗಳು. ಹಾಲಿನ ತೇಗದ ಶೆಲ್ಫಿನಲ್ಲಿ ಮಾವನ ಸ್ಟೀರಿಯೊ ಸಂಸಾರ: ಅಲ್ಯೂಮಿನಿಯಂ ಮುಖದ ಎಂಬತ್ತರ ದಶಕದ ಆಂಪ್ಲಿಫೈಯರ್, ಅದರ ತಲೆಯ ಮೇಲೆಯೇ ರೆಕಾರ್ಡ್ ಪ್ಲೇಯರ್, ಬಗಲಲ್ಲಿ ಕ್ಯಾಸೆಟ್ ಡೆಕ್, ಆಚೆಗೆ ಈಚೆಗಷ್ಟೇ ಬಂದ ದೊಡ್ಡ ಟೀವಿ ಮತ್ತು ಸೆಟ್‌ಟಾಪ್ ಬಾಕ್ಸು. ಕೆಳಗೂಡಿನಲ್ಲಿ ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರ ಎಲ್‌ಪಿಗಳು. 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ಬೆನ್ನು ಬಿಸಿಲಿಗೆ ಬಣ್ಣಗೆಟ್ಟಿದೆ. ಇಷ್ಟೂ ಸಾಮಾನಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕತ್ತಲಲ್ಲಿ, ವೈರುಗಳ ಒಂದು ದೊಡ್ಡ ಕಟ್ಟು.

ಮಾವ ರೆಕಾರ್ಡಿನ ಮೇಲೆ ಮುಳ್ಳು ಇಳಿಸುತ್ತಾರೆ. ಹಾಡು ಶುರುವಾಗುವ ಮೊದಲಿನ ಖಾಲಿ ಗೆರೆಯಲ್ಲೇ ಅದು ಕಾದು ಕೂತಿರುತ್ತದೆ, ಗುಂಯ್ ಎಂದು. ತಂಬೂರಿ ಶುರುವಾದರೆ ಅದರಡಿಗೆ ಸರಿಯುತ್ತದೆ. ಗಾಯಕರು ಉಸಿರು ತೆಗೆದುಕೊಳ್ಳಲು ನಿಂತರೆ ಮತ್ತೆ ತಲೆ ಎತ್ತುತ್ತದೆ. ಅತ್ತೆಗೆ ಇದು ಸಹಿಸಲಾಗದ ಸಂಗತಿ. ಅವರು ಹಾಡುವುದು ಹಾರ್ಮೋನಿಯಂನ ಬಿಳಿ ಐದರ ಶ್ರುತಿಗೆ. “ಶಬ್ದ ಇದ್ರೆ ಇರಲಿ ಅಂದ್ಕೋಬಹುದು ರಾಯರೇ, ಆದ್ರೆ ಇದು ನನ್ನ ಷಡ್ಜಕ್ಕಿಂತ ಒಂಚೂರು ಮೇಲಿದೆ. ಸ್ಪಷ್ಟವಾಗಿ ಅಪಶ್ರುತಿ” ಎಂದು ಅಡುಗೆಮನೆಯಿಂದಲೇ ದೂರು ಕೊಟ್ಟರು.

ರಾಯರು ಎಂದರೆ ಹಿಂದಿನ ಬೀದಿಯವರು. ಆಕಾಶವಾಣಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಬಂದದ್ದು ಒಂದು ಟೆಸ್ಟರ್, ಒಂದು ಮಲ್ಟಿಮೀಟರ್, ಜೇಬಿನಲ್ಲೊಂದು ಟಾರ್ಚು ಹಿಡಿದು. ಅತ್ತೆಯ ಮಾತಿಗೆ ಅವರ ಕಣ್ಣು ಅರಳಿತು. “ಸರಿಯಾಗೇ ಹೇಳಿದ್ರಿ ತಾಯಿ. ಬಿಳಿ ಐದು ಅಂದ್ರೆ ಸೆಕೆಂಡಿಗೆ 196 ಕಂಪನ. ಒಂದು ಸ್ಥಾಯಿ ಕೆಳಗೆ 98, ಇನ್ನೊಂದು ಕೆಳಗೆ 49. ನಮ್ಮ ಕರೆಂಟು 50. ಆ ಒಂದರ ವ್ಯತ್ಯಾಸ ನಿಮ್ಮ ಕಿವಿಗೆ ಚುಚ್ತಿದೆ.”

ಅಂದರೆ ಸ್ಪೀಕರಿನಲ್ಲಿ ಮೊಳಗುತ್ತಿದ್ದದ್ದು ಕರೆಂಟಿನದೇ ದನಿ. ಅದು ಬರೀ ಸರಸ್ವತಿಪುರಂನ ಕರೆಂಟೂ ಅಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿಗೆ ಕೂಡಿಕೊಂಡಿತು. ಅಂದಿನಿಂದ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಗುಂಯ್ಗುಡುವ ಸ್ಪೀಕರುಗಳೆಲ್ಲ ಒಂದೇ ಶ್ರುತಿಯಲ್ಲಿ ಗುಂಯ್ಗುಡುತ್ತಿವೆ. ರಾಷ್ಟ್ರೀಯ ಭಾವೈಕ್ಯಕ್ಕೆ ಇಂಥದ್ದೊಂದು ಸಾಕ್ಷಿ ಇದೆಯೆಂದು ಯಾವ ಭಾಷಣಕಾರರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮಾವ ಅದಾಗಲೇ ಒಂದು ರಿಪೇರಿ ಅಂಗಡಿಗೆ ಹೋಗಿಬಂದಿದ್ದರು. ಅಲ್ಲಿಯವರು ಪೆಟ್ಟಿಗೆ ಬಿಚ್ಚದೆಯೇ ತೀರ್ಪು ಕೊಟ್ಟಿದ್ದರು: ಕಂಡೆನ್ಸರುಗಳು ಹೋಗಿವೆ, ಎಲ್ಲ ಬದಲಿಸಬೇಕು. ಬೇಡವೆಂದರೆ ಇನ್ನೊಂದು ಸುಲಭದ ದಾರಿಯನ್ನೂ ತೋರಿಸಿದ್ದರು: ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಕಿತ್ತುಹಾಕುವುದು. ರಾಯರು ಎರಡನೆಯ ಸಲಹೆ ಕೇಳಿ ಕಾಫಿ ಲೋಟ ಕೆಳಗಿಟ್ಟರು. “ಕಿತ್ತಿಲ್ಲ ತಾನೆ?” ಇಲ್ಲ ಎಂದ ಮೇಲೆಯೇ ಲೋಟ ಮತ್ತೆ ಎತ್ತಿಕೊಂಡದ್ದು.

ಅವರು ಮೊದಲು ಮಾಡಿದ ಕೆಲಸಕ್ಕೆ ಯಾವ ಉಪಕರಣವೂ ಬೇಕಿರಲಿಲ್ಲ. ವಾಲ್ಯೂಮನ್ನು ಸೊನ್ನೆಗೆ ತಂದು, ಮಂಡಿಯೂರಿ ಕುಳಿತು ಸ್ಪೀಕರಿಗೆ ಕಿವಿ ಹಚ್ಚಿದರು. ದನಿ ಇಲ್ಲ ಎನ್ನುವಷ್ಟು ಕಡಿಮೆಯಾಗಿತ್ತು. ಕಂಡೆನ್ಸರುಗಳ ಮೇಲಿನ ಆರೋಪ ಅಲ್ಲಿಗೇ ಬಿದ್ದುಹೋಯಿತು. ಆಂಪ್ಲಿಫೈಯರಿನೊಳಗೆ ಎಸಿ ಕರೆಂಟು ಡಿಸಿ ಆಗುವಾಗ ಉಳಿಯುವ ಏರಿಳಿತವನ್ನು ನಯಗೊಳಿಸುವುದು ಆ ಡಬ್ಬಿಯಂಥ ದೊಡ್ಡ ಕಂಡೆನ್ಸರುಗಳ ಕೆಲಸ. ವರ್ಷಗಳು ಕಳೆದಂತೆ ಅವುಗಳೊಳಗಿನ ದ್ರವ ಒಣಗುತ್ತದೆ, ಕೆಲವೊಮ್ಮೆ ನೆತ್ತಿ ಉಬ್ಬುತ್ತದೆ. ಹಾಗಾದಾಗ ಬರುವ ಗುಂಯ್ 50 ಅಲ್ಲ, ಅದರ ಇಮ್ಮಡಿ, 100 ಹರ್ಟ್ಜ್. ಸಾಮಾನ್ಯವಾಗಿ ಅದು ವಾಲ್ಯೂಮಿನ ಮಾತು ಕೇಳುವುದೂ ಇಲ್ಲ. ಸೊನ್ನೆಗೆ ತಂದರೂ ಅಷ್ಟೇ, ಏರಿಸಿದರೂ ಅಷ್ಟೇ. ವಾಲ್ಯೂಮಿನ ಜೊತೆ ಏರಿ ಇಳಿಯುವ ಗುಂಯ್ ಅದಕ್ಕಿಂತ ಹಿಂದಿನಿಂದ, ಹೊರಗಿನಿಂದ ಬಂದದ್ದು. ನಲವತ್ತು ವರ್ಷದ ಆಂಪ್ಲಿಫೈಯರಿಗೆ ಕಂಡೆನ್ಸರ್ ಬದಲಿಸಿದರೆ ತಪ್ಪೇನಿಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಈ ಕಾಯಿಲೆಗೆ ಅದು ಮದ್ದಲ್ಲ.

ಮುಂದಿನದು ಸೆಲೆಕ್ಟರಿನ ಗುಂಡಿ. ವಾಲ್ಯೂಮನ್ನು ಮಾಮೂಲಿನ ಮಟ್ಟಕ್ಕೆ ಏರಿಸಿ, ಯಾವ ಹಾಡನ್ನೂ ಹಾಕದೆ, ರಾಯರು ಗುಂಡಿಯನ್ನು ಒಂದೊಂದೇ ಮನೆಗೆ ತಿರುಗಿಸಿದರು. ರೇಡಿಯೊ, ಸದ್ದಿಲ್ಲ. ಕ್ಯಾಸೆಟ್, ಟೇಪಿನ ಸರಭರವೂ ಇಲ್ಲ. ಟೀವಿ ಸಿಕ್ಕಿಸಿದ ಮನೆಗೆ ಬಂದಾಗ ಗುಂಯ್. ರೆಕಾರ್ಡ್ ಪ್ಲೇಯರಿನ ಮನೆಯಾದ ಫೋನೊಗೆ ಬಂದಾಗ ಅದಕ್ಕಿಂತ ದಪ್ಪನೆಯ, ಎದೆಗೆ ತಾಕುವ ಗುಂಯ್. “ಒಂದು ರೋಗ ಅಂದ್ಕೊಂಡಿದ್ದೆ. ಎರಡಿದೆ” ಎಂದರು. ದನಿಯಲ್ಲಿ ಬೇಸರವೇನೂ ಕಾಣಲಿಲ್ಲ.

ರೆಕಾರ್ಡ್ ಪ್ಲೇಯರಿನ ಗುಂಯ್ ಯಾಕೆ ಅಷ್ಟು ದಪ್ಪ? ಮುಳ್ಳಿನ ಹಿಂದಿರುವ ಕಾರ್ಟ್ರಿಡ್ಜಿನಿಂದ ಹೊರಡುವುದು ನಾಲ್ಕೈದು ಮಿಲಿವೋಲ್ಟಿನಷ್ಟು ಬಡಪಾಯಿ ಸಿಗ್ನಲ್ಲು. ಸಿಡಿ ಪ್ಲೇಯರು ಕೊಡುವ ಎರಡು ವೋಲ್ಟಿನ ಮುಂದೆ ಅದು ಏನೂ ಅಲ್ಲ. ಹಾಗಾಗಿ ಫೋನೊ ವಿಭಾಗ ಅದನ್ನು ಮೊದಲಿಗೇ ಸುಮಾರು ನೂರು ಪಟ್ಟು ಹಿಗ್ಗಿಸಬೇಕು. ಅದರ ಮೇಲೆ, ಎಲ್‌ಪಿ ಕೊರೆಯುವಾಗ ತಗ್ಗಿಸಿದ್ದ ಮಂದ್ರದ ಸ್ವರಗಳನ್ನು ಕೇಳಿಸುವಾಗ ಮತ್ತೆ ಎತ್ತಬೇಕು. 1950ರ ದಶಕದಿಂದ ಎಲ್ಲರೂ ಪಾಲಿಸುತ್ತಿರುವ ಲೆಕ್ಕದ ಪ್ರಕಾರ 50 ಹರ್ಟ್ಜ್‌ಗೆ ಸಿಗುವ ಎತ್ತುವಿಕೆ, ನಡುಸ್ವರಗಳಿಗೆ ಹೋಲಿಸಿದರೆ, ಏಳು ಪಟ್ಟು. ನೂರು ಇಂಟು ಏಳು. ಮನೆಯ ಕರೆಂಟಿನ ಸಣ್ಣ ಪಿಸುಮಾತು ಆ ಬಾಗಿಲಿನಿಂದ ಒಳಗೆ ಬಂದರೆ ಏಳುನೂರು ಪಟ್ಟಾಗಿ ಹಾಲಿಗೆ ಕಾಲಿಡುತ್ತದೆ.

ರಾಯರು ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಶೆಲ್ಫಿನ ಹಿಂದಕ್ಕೆ ತಲೆ ತೂರಿಸಿದರು. ಜೇಡರ ಬಲೆ, ಹಲ್ಲಿಯ ಒಣಗಿದ ಮೊಟ್ಟೆಸಿಪ್ಪೆ, ಎಂದೋ ಬಿದ್ದುಹೋದ ಒಂದು ಇಸ್ಪೀಟೆಲೆ ಎಲ್ಲ ಬೆಳಕಿಗೆ ಬಂದವು. ಪ್ಲೇಯರಿನಿಂದ ಎರಡು ಆಡಿಯೊ ಪಿನ್ನುಗಳ ಜೊತೆಗೆ ಮೂರನೆಯದೊಂದು ಸಪೂರ ವೈರು ಬಂದಿರುತ್ತದೆ, ತುದಿಯಲ್ಲಿ ಕವಲೊಡೆದ ತಗಡಿನ ಚೂರು. ಆಂಪ್ಲಿಫೈಯರಿನ ಬೆನ್ನಿಗಿರುವ ಗ್ರೌಂಡ್ ಸ್ಕ್ರೂವಿಗೆ ಅದನ್ನು ಬಿಗಿಯಬೇಕು. ಇಲ್ಲಿ ತಗಡು ಸ್ಕ್ರೂವಿನಲ್ಲೇ ಇತ್ತು, ವೈರು ಮಾತ್ರ ಅದರಿಂದ ಕಳಚಿ ಗಾಳಿಯಲ್ಲಿ ತೂಗುತ್ತಿತ್ತು. ರಾಯರು ಬಿಚ್ಚಿದ ತುದಿಯನ್ನು ಸ್ಕ್ರೂವಿಗೆ ಒತ್ತಿ ಹಿಡಿದರು. ಗುಂಯ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಬಿಟ್ಟರು, ಏರಿತು. ಮತ್ತೆ ಒತ್ತಿದರು. ಮಾವ ಮಗುವಿನಂತೆ ನಕ್ಕರು. ಸಾಲ್ಡರ್ ಮಾಡಿದ ರಾಳದ ಘಮ ಹಾಲಿನಲ್ಲಿ ತುಸುಹೊತ್ತು ನಿಂತಿತು.

ಉಳಿದದ್ದಕ್ಕೆ ಕಾರಣ ಎಲ್ಲರ ಕಣ್ಣೆದುರಿಗೇ ಇತ್ತು. ರಾಯರು ಪ್ಲೇಯರನ್ನು ಎರಡೂ ಕೈಯಲ್ಲಿ ಎತ್ತಿ, ವೈರು ಎಳೆಯದಂತೆ ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಒಂದು ಗೇಣು ಹೋದಾಗ ದನಿ ತೆಳುವಾಯಿತು, ಎರಡು ಗೇಣಿಗೆ ಕರಗಿತು. ಮತ್ತೆ ಮೊದಲಿನ ಜಾಗಕ್ಕೆ ತಂದರೆ ಮತ್ತೆ ಹಾಜರು. ಆಂಪ್ಲಿಫೈಯರಿನ ಹೊಟ್ಟೆಯಲ್ಲಿರುವ ಟ್ರಾನ್ಸ್‌ಫಾರ್ಮರ್ ತನ್ನ ಸುತ್ತ ಕಾಂತಕ್ಷೇತ್ರ ಚೆಲ್ಲುತ್ತದೆ. ಕಾರ್ಟ್ರಿಡ್ಜಿನೊಳಗಿರುವುದು ಕಾಂತದ ಕದಲಿಕೆಯನ್ನು ಹಿಡಿಯಲೆಂದೇ ಸುತ್ತಿದ ಕಾಯಿಲ್. ಅದನ್ನು ಇದರ ನೆತ್ತಿಯ ಮೇಲೆ ಇಟ್ಟರೆ ಕೇಳಬೇಕೆ? ಅಂದವಾಗಿ ಕಾಣಲೆಂದು ಮಾವ ಕರೆಂಟಿನ ವೈರನ್ನೂ ಆಡಿಯೊ ವೈರನ್ನೂ ಒಟ್ಟಿಗೆ ಕಟ್ಟಿದ್ದರು. ರಾಯರು ಆ ಕಟ್ಟನ್ನೂ ಕತ್ತರಿಸಿದರು. ಎರಡೂ ಒಂದರ ಪಕ್ಕ ಒಂದು ಸಾಗಬಾರದು. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಪ್ಲೇಯರು ಶೆಲ್ಫಿನ ಆ ಕೊನೆಗೆ ಹೋಯಿತು. ಅತ್ತೆಯ ಹೂದಾನಿ ಜಾಗ ಕಳೆದುಕೊಂಡಿತು, ಅದಕ್ಕೊಂದು ಸಣ್ಣ ವಾಗ್ವಾದವೂ ಆಯಿತು.

ಈಗ ಟೀವಿಯ ಸರದಿ. “ಫ್ರಿಜ್ಜು ಶುರುವಾದಾಗ ಇದು ಜಾಸ್ತಿ ಆಗುತ್ತೆ ರಾಯರೇ, ಗಮನಿಸಿದ್ದೀನಿ” ಎಂದರು ಅತ್ತೆ. ಅಂಗಡಿಯಲ್ಲೂ ಇದನ್ನು ಹೇಳಿದ್ದರಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ರಾಯರು ಹಾಕಿಕೊಂಡರು. ಸೆಟ್‌ಟಾಪ್ ಬಾಕ್ಸಿನ ಬೆನ್ನಿನಿಂದ ಕೇಬಲ್ಲಿನ ದಪ್ಪ ಕರಿ ವೈರನ್ನು ತಿರುಗಿಸಿ ಬಿಚ್ಚಿದರು. ಸ್ಪೀಕರು ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡಂತೆ ಸುಮ್ಮನಾಯಿತು. ಮುಟ್ಟಿಸಿದರೆ ಗುಂಯ್, ಬಿಟ್ಟರೆ ಇಲ್ಲ.

ಆಮೇಲೆ ಅವರು ಆಂಪ್ಲಿಫೈಯರಿನ ಕಬ್ಬಿಣದ ಮೈಗೆ ಟೆಸ್ಟರ್ ತಾಗಿಸಿದರು. ಸಣ್ಣಗೆ ಕೆಂಪು ದೀಪ ಹೊತ್ತಿತು. ಮಲ್ಟಿಮೀಟರಿನ ಕಡ್ಡಿಗಳನ್ನು ಸಾಕೆಟ್ಟಿನೊಳಗೆ ಇಟ್ಟು ನ್ಯೂಟ್ರಲ್ಲಿಗೂ ಅರ್ತಿಂಗಿಗೂ ನಡುವೆ ಅಳೆದರು. ಒಂದೆರಡು ವೋಲ್ಟು ಇರಬೇಕಾದಲ್ಲಿ ಅದರ ಹತ್ತಾರು ಪಟ್ಟು ತೋರಿಸಿತು. ನಗುತ್ತಿದ್ದ ರಾಯರ ಮುಖ ಬಿಗಿಯಿತು. “ಅರ್ತಿಂಗ್ ಗುಂಡಿ ಎಲ್ಲಿದೆ?”

ಹಿತ್ತಿಲಿನ ತೆಂಗಿನ ಮರದ ಬುಡದಲ್ಲಿತ್ತು. ಇತ್ತು ಎನ್ನಬೇಕು ಅಷ್ಟೆ, ಯಾಕೆಂದರೆ ಅಂಗಳಕ್ಕೆ ಟೈಲ್ಸ್ ಹಾಕಿಸಿದಾಗ ಗಾರೆಯವರು ಅದರ ಬಾಯಿ ಮುಚ್ಚಿಬಿಟ್ಟಿದ್ದರು. ಹಳೆಯ ಪದ್ಧತಿಯ ಅರ್ತಿಂಗ್ ಎಂದರೆ ನೆಲದೊಳಗೆ ಆಳಕ್ಕೆ ಇಳಿಸಿದ ಜಿಐ ಪೈಪು, ಸುತ್ತ ಉಪ್ಪು ಮತ್ತು ಇದ್ದಿಲು. ಮಣ್ಣು ಹಸಿಯಾಗಿದ್ದರೆ ಮಾತ್ರ ಅದು ಕರೆಂಟನ್ನು ಭೂಮಿಗೆ ಬಿಟ್ಟುಕೊಡುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಆ ಗುಂಡಿಗೆ ಒಂದೆರಡು ಕೊಡ ನೀರು ಹೊಯ್ಯುವ ರೂಢಿ ಇದ್ದದ್ದು. ಟೈಲ್ಸ್ ಬಿದ್ದ ಮೇಲೆ ನೀರು ಎಲ್ಲಿಂದ?

ಈಗ ಕಥೆ ಕೂಡಿಕೊಂಡಿತು. ಫ್ರಿಜ್ಜು, ವಾಷಿಂಗ್ ಮಷೀನು, ಕಂಪ್ಯೂಟರು, ಎಲ್ಲದರ ಮೈಯಿಂದಲೂ ತುಸು ಕರೆಂಟು ಸೋರುವುದು ಸಹಜ. ಅದು ಅರ್ತ್ ವೈರಿನಲ್ಲಿ ಹರಿದು ಗುಂಡಿ ಸೇರಬೇಕು. ಮೋರಿ ಕಟ್ಟಿಕೊಂಡರೆ ನೀರು ನಡುಮನೆಗೆ ನುಗ್ಗುವ ಹಾಗೆ, ಗುಂಡಿ ಒಣಗಿದ್ದರಿಂದ ಆ ಕರೆಂಟು ಬೇರೆ ದಾರಿ ಹುಡುಕಿತ್ತು. ಆಂಪ್ಲಿಫೈಯರಿನ ಮೈ, ಅಲ್ಲಿಂದ ಟೀವಿಗೆ ಹೋದ ಆಡಿಯೊ ವೈರಿನ ಹೊರಜಾಲರಿ, ಅಲ್ಲಿಂದ ಕೇಬಲ್ಲಿನವರ ವೈರು, ಆ ವೈರಿನ ಮೂಲಕ ಬೀದಿಯಾಚೆ ಎಲ್ಲೋ ಒಂದು ಒಳ್ಳೆಯ ಭೂಮಿ. ಆಡಿಯೊ ವೈರಿನ ಜಾಲರಿ ಸಿಗ್ನಲ್ಲಿನ ಅರ್ಧ ಹಾದಿಯೂ ಹೌದು. ಅದರಲ್ಲಿ ಫ್ರಿಜ್ಜಿನ ಕರೆಂಟು ಹರಿದರೆ ಆಂಪ್ಲಿಫೈಯರಿಗೆ ಅದೂ ಒಂದು ಹಾಡು. ಅರ್ತಿಂಗ್ ಚೆನ್ನಾಗಿರುವ ಮನೆಗಳಲ್ಲೂ ಎರಡು ಕಡೆ ಭೂಮಿ ಸಿಕ್ಕಿ ಇಂಥ ಸುತ್ತು ಏರ್ಪಡುತ್ತದೆ. ರಿಪೇರಿಯವರು ಗ್ರೌಂಡ್ ಲೂಪ್ ಎನ್ನುವುದು ಇದನ್ನೇ. ಎಲ್ಲ ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ತಂದರೆ ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಟೀವಿಯ ಆಪ್ಟಿಕಲ್ ಕಿಂಡಿಯಿಂದ ಒಂದು ಸಣ್ಣ ಕನ್ವರ್ಟರ್ ಡಬ್ಬಿಯ ಮೂಲಕ ಹಾಡನ್ನು ತರಬಹುದು. ಅಲ್ಲಿ ಹಾಯುವುದು ಬೆಳಕು, ತಾಮ್ರವಿಲ್ಲ, ಆದ್ದರಿಂದ ಸುತ್ತೂ ಇಲ್ಲ. ಮಾವನಿಗೆ ರಾಯರು ಸೂಚಿಸಿದ್ದು ಇದನ್ನೇ. “ಆದ್ರೆ ಮೊದಲು ಗುಂಡಿ. ಡಬ್ಬಿ ಆಮೇಲೆ.”

ಹೊರಡುವಾಗ ಇನ್ನೊಂದು ಸಣ್ಣ ಶಬ್ದ ಉಳಿದಿತ್ತು. ಗುಂಯ್ ಅಲ್ಲ, ಝಿರ್ ಎಂಬ ಮುಳ್ಳುಮುಳ್ಳಾದ ದನಿ. ರಾಯರು ಸೀಲಿಂಗ್ ಫ್ಯಾನನ್ನು ಎರಡರಿಂದ ಐದಕ್ಕೆ ತಿರುಗಿಸಿದರು, ಹೋಯಿತು. ನಯವಾಗಿ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ಕರೆಂಟಿನ ಅಲೆಯನ್ನು ಸೆಕೆಂಡಿಗೆ ನೂರು ಸಲ ಕತ್ತರಿಸುತ್ತವೆ, ಆ ಕತ್ತರಿಯ ಸದ್ದು ಅದು. ಎಲ್‌ಪಿ ಕೇಳುವಾಗ ಫ್ಯಾನು ಜೋರಾಗಿರಲಿ, ಇಲ್ಲವೇ ನಿಂತಿರಲಿ ಎಂದು ಇತ್ಯರ್ಥವಾಯಿತು.

ಮರುವಾರ ಎಲೆಕ್ಟ್ರಿಷಿಯನ್ ಬಂದು ಟೈಲ್ಸ್ ಒಡೆದು ಹೊಸ ಅರ್ತಿಂಗ್ ಹಾಕಿದ. ಖರ್ಚಿನ ಬಹುಪಾಲು ಅದಕ್ಕೇ ಹೋಯಿತು. ಸ್ಟೀರಿಯೊಗೆಂದು ಕೊಂಡದ್ದು ಆಪ್ಟಿಕಲ್ ವೈರು, ಆ ಡಬ್ಬಿ, ಇಷ್ಟೇ. ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಬೇಕಾಗಿಯೇ ಬರಲಿಲ್ಲ.

ಆ ದಪ್ಪ ಪಿನ್ನಿನ ಬಗ್ಗೆ ಒಂದು ಮಾತು. ಅದನ್ನು ಕಿತ್ತರೆ ಗುಂಯ್ ಹೋಗುವುದು ಹಲವು ಸಲ ನಿಜ, ಅಪಾಯ ಇರುವುದೂ ಅಲ್ಲೇ. ಪ್ಲಗ್ಗಿನಲ್ಲಿ ಅದೊಂದೇ ಉಳಿದೆರಡಕ್ಕಿಂತ ಉದ್ದ, ಎಲ್ಲಕ್ಕಿಂತ ಮೊದಲು ತಾಗಿ ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದು. ಒಳಗೊಂದು ವೈರು ಸವೆದು ಪೆಟ್ಟಿಗೆಯ ಮೈಗೆ ತಾಗಿದರೆ, ಆ ಪಿನ್ನಿದ್ದಾಗ ಫ್ಯೂಸು ಹೋಗುತ್ತದೆ. ಇಲ್ಲದಿದ್ದಾಗ 230 ವೋಲ್ಟು ಪೆಟ್ಟಿಗೆಯ ಮೇಲೆ ನಿಂತು, ಆಡಿಯೊ ವೈರುಗಳಗುಂಟ ಪ್ಲೇಯರಿಗೂ ಡೆಕ್ಕಿಗೂ ಹಬ್ಬಿ, ಮುಟ್ಟುವ ಕೈಗೆ ಕಾಯುತ್ತದೆ. ನಿಮ್ಮ ಸ್ಟೀರಿಯೊ ಗುಂಯ್ ಎನ್ನುತ್ತಿದ್ದರೆ ವೈರು ಸರಿಸಿ ನೋಡಿ, ಒಂದೊಂದಾಗಿ ಬಿಚ್ಚಿ ನೋಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಅಳೆಸಿ. ಆ ಪಿನ್ನಿನ ತಂಟೆಗೆ ಮಾತ್ರ ಹೋಗಬೇಡಿ.