ಗಾಜಿನ ಎಳೆಯ ಗಾಳದ ಕೋಲು

ಗಾಳದ ಕೋಲೆಂದೊಡನೆ ನಮಗೆ ಬಿದಿರು ನೆನಪಾಗುವುದು ಸಹಜ. ಅಮೆರಿಕದಲ್ಲಿಯೂ ಚೀನದ ಬಿದಿರಿನ ಸೀಳುಗಳನ್ನು ಅಂಟಿಸಿ ಉತ್ತಮ ಕೋಲುಗಳನ್ನು ಮಾಡುತ್ತಿದ್ದರು. 1940ರ ದಶಕದಲ್ಲಿ ಆರ್ಥರ್ ಹೋವಾಲ್ಡ್ ಎಂಬ ವಿಜ್ಞಾನಿಯು ಗಾಜಿನ ಎಳೆಗಳನ್ನು ರಾಳದಲ್ಲಿ ಬಂಧಿಸಿ ಫೈಬರ್‌ಗ್ಲಾಸ್ ಕೋಲನ್ನು ನಿರ್ಮಿಸಿದನು. 1950ರಲ್ಲಿ ಅಮೆರಿಕವು ಚೀನದೊಡನೆ ವ್ಯಾಪಾರವನ್ನು ನಿಷೇಧಿಸಲು, ಬಿದಿರು ದುರ್ಲಭವಾಗಿ ಈ ಕೋಲು ಬಹುಬೇಗ ಹರಡಿತು.

ದಾರ ಸುತ್ತುವ ರೀಲಿನ ಕಥೆ ಇನ್ನೂ ಸ್ವಾರಸ್ಯವಾದುದು. ಹಿಂದಿನ ರೀಲಿನಲ್ಲಿ, ಗಾಳವನ್ನೆಸೆದಾಗ ಉರುಳೆಯೇ ತಿರುಗುತ್ತಿತ್ತು. ಗಾಳ ನೀರಿಗೆ ಬಿದ್ದ ಮೇಲೂ ಅದು ನಿಲ್ಲದಿದ್ದರೆ ದಾರವೆಲ್ಲ ಸಿಕ್ಕು! ಇಂಗ್ಲೆಂಡಿನ ಆಲ್ಫ್ರೆಡ್ ಇಲಿಂಗ್‌ವರ್ತ್ ನೂಲಿನ ಗಿರಣಿಯ ಒಡೆಯ. ನಿಂತ ಕಂಡಿಕೆಯ ತುದಿಯಿಂದ ನೂಲು ಜಾರುವುದನ್ನು ನಿತ್ಯ ಕಂಡವನು. ಅದರಂತೆಯೇ ಉರುಳೆಯನ್ನು ನಿಲ್ಲಿಸಿ, ದಾರ ಮಾತ್ರ ಜಾರುವ ಸ್ಪಿನ್ನಿಂಗ್ ರೀಲಿಗೆ ಅವನು 1905ರಲ್ಲಿ ಪೇಟೆಂಟ್ ಪಡೆದನು. ಮರಳಿ ಸುತ್ತುವಾಗ ಒಂದು ಕೊಕ್ಕೆ ಉರುಳೆಯನ್ನು ಬಳಸಿ ತಿರುಗುತ್ತದೆ.

1970ರ ದಶಕದಲ್ಲಿ ಹಗುರವಾದ ಗ್ರಾಫೈಟ್ ಕೋಲು ಬಂದು ಗಾಜಿನದು ಮೂಲೆ ಸೇರಿತು. ಆದರೂ ಹಲವರು ಅದನ್ನು ಹುಡುಕಿ ಸಂಗ್ರಹಿಸುತ್ತಾರೆ. ಬೀರುವಿನಲ್ಲಿಡಲಲ್ಲ, ಮೀನು ಹಿಡಿಯಲು. ಅದು ಹಿಡಿಯವರೆಗೂ ನಿಧಾನವಾಗಿ ಬಾಗುವುದರಿಂದ ಚಿಕ್ಕ ಮೀನಿನ ಸೆಳೆತವೂ ಸೊಗಸು. ಹಳೆಯ ರೀಲಿನೊಳಗೆ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆಯಿಂದ ತೊಳೆದು ಹೊಸದನ್ನು ಸವರಬೇಕು. ಕೋಲಿನಲ್ಲಿ ದಾರ ಹಾಯುವ ಬಳೆಗಳೊಳಗೆ ಹತ್ತಿಯನ್ನು ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡಲ್ಲಿ ಬಿರುಕಿದೆ. ದೊಡ್ಡ ಮೀನು ಬಿದ್ದ ದಿನ ದಾರವು ಕತ್ತರಿಸುವುದು ಅಲ್ಲಿಯೇ.