ಬಂಡೆಯ ಮೇಲಿನ ಬಿಸಿಲುಹೂ

ಗಿಡವೊಂದನ್ನು ಪೋಷಿಸುವುದೆಂದರೆ ಅದಕ್ಕೆ ನೀರೆರೆಯುವುದು, ಗೊಬ್ಬರ ಹಾಕುವುದು, ಬಿರುಬಿಸಿಲು ತಾಗದಂತೆ ನೆರಳು ಮಾಡುವುದು ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಈ ಮೂರು ಉಪಚಾರಗಳೂ ಮಿತಿಮೀರಿದರೆ ಸೊರಗಿಹೋಗುವ ಗಿಡವೊಂದು ಅಮೆರಿಕದ ಟೆನೆಸೀ ರಾಜ್ಯದಲ್ಲಿ ಉಂಟು. ಒಂದು ಕಾಲದಲ್ಲಿ ಅದು ಭೂಮಿಯಿಂದಲೇ ಅಳಿದುಹೋಯಿತೆಂದು ಸಸ್ಯಶಾಸ್ತ್ರಜ್ಞರು ಭಾವಿಸಿದ್ದರು. ಅದನ್ನು ಉಳಿಸಿಕೊಂಡ ಬಗೆ, ತೋಟದಲ್ಲಿ ಬೆಳೆಸುವ ಬಗೆ ಇವೆರಡಕ್ಕೂ ಆಧಾರವಾದ ತತ್ತ್ವ ಒಂದೇ. ಅದು ಯಾವುದೆಂಬುದನ್ನು ಇಲ್ಲಿ ವಿಚಾರಮಾಡೋಣ.

ಈ ಗಿಡವನ್ನು ಅಲ್ಲಿಯ ಜನ ಟೆನೆಸೀ ಕೋನ್‌ಫ್ಲವರ್ ಎನ್ನುತ್ತಾರೆ. ಶಾಸ್ತ್ರೀಯ ನಾಮ ಎಕಿನೇಶಿಯಾ ಟೆನೆಸಿಯೆನ್ಸಿಸ್. ನಮಗೆ ಪರಿಚಿತವಾದ ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳ ಕುಟುಂಬಕ್ಕೇ ಇದೂ ಸೇರಿದುದು. ಆ ಕುಟುಂಬದ ಎಲ್ಲ ಸಸ್ಯಗಳಂತೆ ಇಲ್ಲಿಯೂ ನಾವು ಒಂದು ಹೂವೆಂದು ಕರೆಯುವುದು ವಾಸ್ತವವಾಗಿ ಅನೇಕ ಕಿರುಹೂಗಳ ಸಮೂಹ. ನಡುವಿನ ಕಿರುಹೂಗಳು ಒತ್ತಾಗಿ ಸೇರಿ ಗುಡ್ಡೆಯಂತೆ ಉಬ್ಬಿರುತ್ತವೆ. ಅವುಗಳ ನಡುವೆ ಮೊನಚಾದ ಬಿರುಸು ಎಸಳುಗಳು ಏಳುತ್ತವೆ. ಮೈತುಂಬ ಮುಳ್ಳುಳ್ಳ ಪ್ರಾಣಿಯನ್ನು ಸೂಚಿಸುವ ಗ್ರೀಕ್ ಪದದಿಂದ ಎಕಿನೇಶಿಯಾ ಎಂಬ ಹೆಸರು ಹುಟ್ಟಿದುದು ಈ ಕಾರಣದಿಂದಲೇ. ಸುತ್ತಲೂ ನಸುನೇರಿಳೆ ಬಣ್ಣದ ಎಸಳುಗಳು. ಇದರ ಬಂಧುವಾದ ಎಕಿನೇಶಿಯಾ ಪರ್ಪ್ಯೂರಿಯದಲ್ಲಿ ಎಸಳುಗಳು ಕೆಳಕ್ಕೆ ಜೋಲುತ್ತವೆ. ಇದರಲ್ಲಿಯಾದರೋ ತುಸು ಮೇಲಕ್ಕೆ ಬಾಗಿರುತ್ತವೆ. ಅರಳಿದ ಹೂಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖಮಾಡಿ ನಿಲ್ಲುತ್ತವೆ.

ಟೆನೆಸೀ ರಾಜ್ಯದ ನಡುಭಾಗದಲ್ಲಿ, ನ್ಯಾಷ್‌ವಿಲ್ ನಗರದ ಆಸುಪಾಸಿನಲ್ಲಿ, ಸುಣ್ಣಕಲ್ಲಿನ ಹಾಸುಬಂಡೆಗಳ ಬಯಲುಗಳಿವೆ. ಅಲ್ಲಿ ಬಂಡೆಯ ಮೇಲೆ ಇರುವ ಮಣ್ಣು ಕೆಲವೇ ಅಂಗುಲ. ಕೆಲವೆಡೆ ಅಷ್ಟೂ ಇಲ್ಲ. ಚಳಿಗಾಲದಲ್ಲಿಯೂ ವಸಂತದಲ್ಲಿಯೂ ನೀರು ನಿಲ್ಲುವ ಆ ನೆಲ ಬೇಸಗೆಯಲ್ಲಿ ಕಾದ ಹಂಚಿನಂತಾಗುವುದು. ದೊಡ್ಡ ಮರಗಳು ಬೇರೂರಲಾರವು. ಎತ್ತರದ ಹುಲ್ಲು ಹಬ್ಬಲಾರದು. ನಮ್ಮ ಹೂಗಿಡ ತನ್ನ ತಾಯಿಬೇರನ್ನು ಬಂಡೆಯ ಬಿರುಕುಗಳಿಗೆ ಇಳಿಸಿ ಅಲ್ಲಿ ಬದುಕುತ್ತದೆ. ಅದು ಈ ಬಡನೆಲವನ್ನು ಆರಿಸಿಕೊಂಡುದಕ್ಕೆ ಕಾರಣ ಬಡತನದ ಮೇಲಿನ ಪ್ರೀತಿಯಲ್ಲ. ಇತರ ಗಿಡಗಳೊಡನೆ ಸ್ಪರ್ಧಿಸುವ ಶಕ್ತಿ ಅದಕ್ಕಿಲ್ಲ. ನೆರೆಯ ಗಿಡದ ನೆರಳು ಬಿತ್ತೆಂದರೆ ಅದು ಸೋತಂತೆಯೇ.

1898ರಲ್ಲಿ ಬೀಡ್ಲ್ ಎಂಬ ಸಸ್ಯಶಾಸ್ತ್ರಜ್ಞರು ಈ ಪ್ರಭೇದವನ್ನು ಮೊದಲು ವರ್ಣಿಸಿದರು. ಅನಂತರ ಹಲವು ದಶಕಗಳ ಕಾಲ ಅದು ಕಾಣಸಿಗಲಿಲ್ಲ. 1960ರ ದಶಕದ ಕೊನೆಯಲ್ಲಿ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದ ಎಲ್ಸಿ ಕ್ವಾರ್ಟರ್‌ಮನ್ ಅವರು ಅದನ್ನು ಮತ್ತೆ ಪತ್ತೆಮಾಡಿದರು. ಬಂಡೆಬಯಲುಗಳ ಅಧ್ಯಯನಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟ ಆ ವಿದುಷಿ 2014ರಲ್ಲಿ, 103ನೆಯ ವಯಸ್ಸಿನಲ್ಲಿ ತೀರಿಕೊಂಡರು. 1979ರಲ್ಲಿ ಈ ಗಿಡವನ್ನು ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಮುಂದೆ ನಡೆದ ಕೆಲಸದಲ್ಲಿ ವಾಚಕರಿಗೆ ವಿಚಿತ್ರವೆನಿಸುವ ಒಂದಂಶವಿದೆ. ಹೂವನ್ನು ಉಳಿಸಲು ಮರಗಳನ್ನು ಕಡಿಯಬೇಕಾಯಿತು! ಬಂಡೆಬಯಲಿನ ಅಂಚಿನಲ್ಲಿ ಬೆಳೆಯುವ, ಕೆಂಪು ಸೀಡರ್ ಎಂದು ಹೆಸರಾದ ಜೂನಿಪರ್ ಮರಗಳು ಮೆಲ್ಲಮೆಲ್ಲನೆ ಒಳಕ್ಕೆ ನುಗ್ಗಿ ಬಿಸಿಲನ್ನು ತಡೆಯುತ್ತವೆ. ಅವನ್ನು ತೆಗೆದು, ಉಳಿದ ಬಯಲುಗಳನ್ನು ಕೊಂಡು ರಕ್ಷಿಸಿ, ಬೀಜದಿಂದ ಹೊಸ ನೆಲೆಗಳನ್ನು ಎಬ್ಬಿಸಲಾಯಿತು. 32 ವರ್ಷಗಳ ತರುವಾಯ, 2011ರಲ್ಲಿ, ಗಿಡವು ಚೇತರಿಸಿಕೊಂಡಿದೆಯೆಂದು ಪಟ್ಟಿಯಿಂದ ಕೈಬಿಡಲಾಯಿತು.

ಇನ್ನು ತೋಟದ ಮಾತು. ದಿನಕ್ಕೆ ಆರು ಗಂಟೆಗೆ ಕಡಮೆಯಿಲ್ಲದೆ ನೇರ ಬಿಸಿಲು ಬೀಳುವ, ನೀರು ಬೇಗ ಬಸಿದುಹೋಗುವ ಜಾಗವನ್ನು ಇದಕ್ಕೆ ಆರಿಸಬೇಕು. ಜೇಡಿನೆಲವಾದರೆ ಜಲ್ಲಿ ಬೆರೆಸಿ ಮಡಿಯನ್ನು ಎತ್ತರಿಸುವುದು ಒಳ್ಳೆಯದು. ಬೀಜ ಮೊಳೆಯಬೇಕಾದರೆ ತಂಪೂ ತೇವವೂ ಕೂಡಿದ ವಿಶ್ರಾಂತಿಕಾಲ ಅವಶ್ಯಕ. ಆದುದರಿಂದ ಟೆನೆಸೀಯಂತಹ ಹವೆಯಲ್ಲಿ ಶರತ್ಕಾಲದಲ್ಲಿಯೇ ಬಯಲಿನಲ್ಲಿ ಬಿತ್ತುತ್ತಾರೆ. ಇಲ್ಲವೆ ಒದ್ದೆಮರಳಿನಲ್ಲಿ ಬೆರೆಸಿ ಕೆಲವು ವಾರ ಶೀತಪೆಟ್ಟಿಗೆಯಲ್ಲಿ ಇಡುತ್ತಾರೆ. ತಾಯಿಬೇರಿಗೆ ಪೆಟ್ಟಾಗದಂತೆ ಸಸಿಯನ್ನು ಎಳೆಯದಿದ್ದಾಗಲೇ ನಾಟಿ, ಮತ್ತೆ ಕದಲಿಸಬಾರದು. ಬೇರೂರುವವರೆಗೆ, ಎಂದರೆ ಮೊದಲ ವರ್ಷ, ನೀರು ಬೇಕು. ಅನಂತರ ತೀರ ಒಣಗಿದಾಗ ಮಾತ್ರ. ಗೊಬ್ಬರ ಹೆಚ್ಚಾದರೆ ಕಾಂಡ ಮೆತ್ತಗಾಗಿ ನೆಲಕ್ಕೊರಗುವುದು. ನೀರು ನಿಂತರೆ ಬುಡ ಕೊಳೆಯುವುದು. ಕಳೆ ಕೀಳುವುದನ್ನು ಮಾತ್ರ ಎಂದೂ ಮರೆಯಬಾರದು. ಹೂಗಳನ್ನು ಸಾಮಾನ್ಯವಾಗಿ ಎರಡನೆಯ ವರ್ಷದಿಂದ ನಿರೀಕ್ಷಿಸಬಹುದು.

ಒಂಟಿ ಗಿಡ ತನ್ನ ಪರಾಗದಿಂದಲೇ ಬೀಜಕಟ್ಟಲಾರದು. ಆದ್ದರಿಂದ ಹಲವು ಗಿಡಗಳನ್ನು ಹತ್ತಿರ ಹತ್ತಿರ ಬೆಳೆಸಬೇಕು. ಆದರೆ ಪಕ್ಕದಲ್ಲಿ ಎಕಿನೇಶಿಯಾ ಪರ್ಪ್ಯೂರಿಯ ಇದ್ದರೆ ಜೇನುಹುಳುಗಳು ಎರಡರ ಪರಾಗವನ್ನೂ ಬೆರೆಸುತ್ತವೆ, ಹುಟ್ಟುವ ಸಂತತಿ ಮಿಶ್ರತಳಿಯಾಗುತ್ತದೆ. ತೋಟದ ಚೆಲುವಿಗೆ ಇದರಿಂದ ಕೊರತೆಯಿಲ್ಲ. ಆದರೆ ಕಾಡುನೆಲೆಯ ಸಮೀಪದಲ್ಲಿ ಇಂತಹ ಬೆರಕೆ ನಡೆದರೆ ಮೂಲ ಪ್ರಭೇದದ ಶುದ್ಧತೆಯೇ ಹೋಗಬಹುದು. ಆದಕಾರಣ ಬಂಡೆಬಯಲುಗಳ ನೆರೆಹೊರೆಯವರು ಎಚ್ಚರದಿಂದಿರಬೇಕು. ಯಾರೇ ಆಗಲಿ ಕಾಡಿನ ಗಿಡವನ್ನು ಕೀಳದೆ, ಸಸ್ಯಾಲಯದಲ್ಲಿ ಬೀಜದಿಂದ ಬೆಳೆಸಿದ ಶುದ್ಧ ತಳಿಯನ್ನೇ ಕೇಳಿ ಪಡೆಯಬೇಕು.

ಬಿಸಿಲಿಗೆ ಅಡ್ಡವಾದುದನ್ನು ನಿವಾರಿಸಿ ಗಿಡವನ್ನು ಅದರ ಪಾಡಿಗೆ ಬಿಡುವುದೇ ಮೊದಲು ಹೇಳಿದ ತತ್ತ್ವ. ತೋಟದಲ್ಲಿ ಇದು ಒಬ್ಬನ ಕೈಯ ಕೆಲಸ. ಕಾಡಿನಲ್ಲಿ ಹಾಗಲ್ಲ. ಬೆಳೆಯುವ ನಗರಕ್ಕೆ ಬರಿಯ ಬಂಡೆಯ ಬಯಲು ನಿರುಪಯುಕ್ತ ನಿವೇಶನದಂತೆ ತೋರುವುದು ಸಹಜ. ಜೂನಿಪರ್ ಸಸಿಗಳೂ ವರ್ಷವರ್ಷ ಮೊಳೆಯುತ್ತಲೇ ಇರುತ್ತವೆ. ಪಟ್ಟಿಯಿಂದ ಹೆಸರು ಹೋದರೂ ಆ ಬಯಲುಗಳನ್ನು ಕಾಯುವ, ಅಂಚಿನ ಮರಗಳನ್ನು ಸವರುವ ಕೆಲಸ ಮುಂದುವರಿಯಲೇಬೇಕು.